ಅಲೆ ಅದೇ, ತಾಗುವ ಜಾಗ ಬೇರೆ: ಏರಿದ ಸರೋವರ, ದೋಣಿಯಲೆ ಮತ್ತು ದಡದ ಕೊರೆತ

ಸರೋವರದ ದಡದಲ್ಲಿ ಮನೆ ಮಾಡಿಕೊಂಡವರು ಕೇಳುವ ಪ್ರಶ್ನೆ ಹೆಚ್ಚೂಕಮ್ಮಿ ಒಂದೇ. ಹತ್ತು ವರ್ಷದಿಂದ ಅದೇ ದೋಣಿಗಳು ಓಡಾಡುತ್ತಿವೆ, ಅದೇ ಅಲೆ ಬಂದು ಬಡಿಯುತ್ತಿದೆ, ದಡ ಮಿಸುಕಾಡಿರಲಿಲ್ಲ. ಈ ವರ್ಷ ಒಂದೇ ಬೇಸಿಗೆಯಲ್ಲಿ ಎರಡು ಅಡಿ ಮಣ್ಣು ಹೋಯಿತು. ಯಾಕೆ? ದೋಣಿ ದೊಡ್ಡದಾಯಿತೇ? ಕೆಲವು ಕಡೆ ಅದೂ ಹೌದು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನೋಡಬೇಕಾದದ್ದು ನೀರಿನ ಮಟ್ಟವನ್ನು. ನೀರು ಒಂದು ಅಡಿ ಏರಿದರೆ ಅಲೆ ಅದೇ ಇರುತ್ತದೆ, ಅದು ಹೋಗಿ ತಾಗುವ ಜಾಗ ಬೇರೆಯಾಗುತ್ತದೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ.

ಒಂದು ದಡವನ್ನು ಹತ್ತಿರದಿಂದ ನೋಡಿ. ನೀರಿನ ಒಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಜೊಂಡು, ಆಪು ಬೆಳೆದ ಆಳವಿಲ್ಲದ ನೀರು. ಆಮೇಲೆ ಮರಳು, ಗೋಲಿ ಗಾತ್ರದ ಕಲ್ಲು, ಮುಷ್ಟಿ ಗಾತ್ರದ ಕಲ್ಲು ಹರಡಿಕೊಂಡ ಇಳಿಜಾರು. ಅದರ ಮೇಲೆ ನೆಟ್ಟಗೆ ನಿಂತ ಮಣ್ಣಿನ ದಡ, ತಲೆಯ ಮೇಲೆ ಹುಲ್ಲು. ಆ ಕಲ್ಲುಗಳನ್ನು ಯಾರೂ ತಂದು ಹಾಕಿದ್ದಲ್ಲ. ನೂರಾರು ವರ್ಷ ಅಲೆ ಬಡಿದು ಬಡಿದು ಮಣ್ಣನ್ನು ತೊಳೆದುಕೊಂಡು ಹೋಗಿದೆ, ಹೊರಲಾರದ ಕಲ್ಲನ್ನು ಅಲ್ಲೇ ಬಿಟ್ಟಿದೆ. ಅದು ದಡಕ್ಕೆ ತಾನೇ ಹೊಲಿದುಕೊಂಡ ಕವಚ. ಆದರೆ ಆ ಕವಚ ಇರುವುದು ನೀರು ಸಾಮಾನ್ಯವಾಗಿ ನಿಲ್ಲುವ ಮಟ್ಟದಲ್ಲಿ ಮಾತ್ರ. ಅದಕ್ಕಿಂತ ಮೇಲಿನದು ಬರಿಯ ಮಣ್ಣು.

ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದ ಮೆಂಡೋಟಾ ಸರೋವರವನ್ನೇ ತೆಗೆದುಕೊಳ್ಳೋಣ. ಸುಮಾರು 40 ಚದರ ಕಿಲೋಮೀಟರ್ ಹರವು, ಅತಿ ಆಳವಾದ ಕಡೆ 25 ಮೀಟರ್. ಅಮೆರಿಕದಲ್ಲಿ ಸರೋವರಗಳ ವಿಜ್ಞಾನ ಹುಟ್ಟಿದ್ದೇ ಇದರ ದಂಡೆಯ ಮೇಲೆ ಎನ್ನಬಹುದು. ಆ ವಿಜ್ಞಾನದ ಮೊದಲಿಗರಾದ ಎಡ್ವರ್ಡ್ ಬರ್ಜ್, ಚಾನ್ಸಿ ಜೂಡೆ ಇಬ್ಬರೂ ಇಲ್ಲಿಯೇ ಕೆಲಸ ಮಾಡಿದವರು. ಯಹಾರಾ ನದಿ ಮೆಂಡೋಟಾದಿಂದ ಹೊರಟು ಮೊನೋನಾ, ವಾಬೀಸಾ, ಕೆಗೊನ್ಸಾ ಸರೋವರಗಳನ್ನು ಒಂದೊಂದಾಗಿ ಹಾದುಹೋಗುತ್ತದೆ. ನಮ್ಮ ಕಡೆ ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವ ಸರಣಿ ಇರುತ್ತದಲ್ಲ, ಹಾಗೆಯೇ. ಮೆಂಡೋಟಾದ ಬಾಯಲ್ಲಿ ಟೆನ್ನಿ ಎಂಬಲ್ಲಿ ಒಂದು ಅಣೆಕಟ್ಟೆ ಇದೆ, ಬಾಗಿಲು ಎತ್ತಿ ಇಳಿಸಿ ನೀರು ಬಿಡುತ್ತಾರೆ. 1979ರ ಸರ್ಕಾರಿ ಆದೇಶದ ಪ್ರಕಾರ ಮೆಂಡೋಟಾದ ಬೇಸಿಗೆಯ ಕನಿಷ್ಠ ಮಟ್ಟ ಸಮುದ್ರಮಟ್ಟದಿಂದ 849.6 ಅಡಿ, ಗರಿಷ್ಠ 850.1 ಅಡಿ. ಲೆಕ್ಕ ಹಾಕಿ ನೋಡಿ, ನಡುವಿನ ಅಂತರ ಬರೀ ಆರು ಇಂಚು. ದೋಣಿ ಓಡಾಡುವ ಕಾಲದಲ್ಲಿ ದಡ ಅಲೆಯನ್ನು ಎದುರಿಸಿ ಗಟ್ಟಿಯಾಗಿರುವುದು ಈ ಆರು ಇಂಚಿನ ಪಟ್ಟಿಯಲ್ಲಿ.

2018ರ ಆಗಸ್ಟ್ 20ರಂದು ಮ್ಯಾಡಿಸನ್ ಇರುವ ಡೇನ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪಶ್ಚಿಮ ಭಾಗದಲ್ಲಿ, ಕ್ರಾಸ್ ಪ್ಲೇನ್ಸ್ ಸುತ್ತಮುತ್ತ, 24 ಗಂಟೆಯೊಳಗೆ 11 ಇಂಚಿಗೂ ಹೆಚ್ಚು ಮಳೆ ಸುರಿಯಿತು. ಬೆಂಗಳೂರಿನ ಇಡೀ ವರ್ಷದ ಮಳೆಯ ಮೂರನೇ ಒಂದು ಪಾಲಿಗೆ ಹತ್ತಿರದ್ದು, ಒಂದೇ ದಿನದಲ್ಲಿ. ಮೊನೋನಾ ಸರೋವರ ತನ್ನ ಬೇಸಿಗೆಯ ಗರಿಷ್ಠ ಮಟ್ಟವಾದ 845.2 ಅಡಿಯನ್ನು ದಾಟಿ ಇನ್ನೂ ಮೂರು ಅಡಿಗೂ ಹೆಚ್ಚು ಮೇಲೆ ಹೋಯಿತು. ಟೆನ್ನಿಯ ಬಾಗಿಲು ತೆರೆದರೆ ಮೊನೋನಾ ದಂಡೆಯ ಬೀದಿಗಳಿಗೆ ನೀರು, ಮುಚ್ಚಿದರೆ ಮೆಂಡೋಟಾ ದಂಡೆಗೆ. ಎರಡು ಸರೋವರಗಳ ನಡುವಿನ ಕಿರಿದಾದ ನೆಲದ ಮೇಲೆಯೇ ಊರಿನ ಹೃದಯ ಇದೆ. ಮರಳಿನ ಚೀಲ ಒಟ್ಟಿದರು, ಸರೋವರಗಳ ಮೇಲೆ ‘ಸ್ಲೋ ನೋ ವೇಕ್’ ಆದೇಶ, ಅಂದರೆ ದೋಣಿ ಅಲೆ ಎಬ್ಬಿಸದಷ್ಟು ನಿಧಾನ ಹೋಗಬೇಕೆಂಬ ಆದೇಶ, ಬಂತು.

ಮಳೆ ನಿಂತ ಮೇಲೆ ನೀರು ಇಳಿಯಬೇಕಲ್ಲ? ಇಳಿಯುವುದಿಲ್ಲ, ಬೇಗ ಇಳಿಯುವುದಿಲ್ಲ. ಈ ಸರಣಿಯಲ್ಲಿ ಇಳಿಜಾರು ಅತಿ ಕಡಿಮೆ. ಎರಡು ಇಂಚು ಮಳೆಯ ನೀರು ಹೊರಗೆ ಹರಿಯಲು ಎರಡು ವಾರಕ್ಕೂ ಹೆಚ್ಚು ಬೇಕು ಎಂದು ಅಲ್ಲಿ ಲೆಕ್ಕ. ನದಿಯ ತಳದಲ್ಲಿ ಹೂಳು, ಮೇಲೆ ನೀರಿನ ಕಳೆ, ಎರಡೂ ಹರಿವನ್ನು ತಡೆಯುತ್ತವೆ. ಅದಕ್ಕೇ ಕಳೆ ಕೊಯ್ಯುವ ಯಂತ್ರಗಳು ಓಡಾಡುತ್ತವೆ, 2020ರಿಂದ ಮೊನೋನಾ ಕೆಳಗೆ ಹೂಳು ತೆಗೆಯುವ ಕೆಲಸವೂ ಶುರುವಾಯಿತು. ದಡದ ಮಟ್ಟಿಗೆ ಇದರ ಅರ್ಥ ಇಷ್ಟು: ಕವಚವಿಲ್ಲದ ಮಣ್ಣಿಗೆ ಅಲೆ ಬಡಿಯುವುದು ಒಂದು ರಾತ್ರಿಯಲ್ಲ, ವಾರಗಟ್ಟಲೆ.

ಈಗ ಅಲೆಗೆ ಬರೋಣ. ಅಲೆ ಎಲ್ಲಿ ಒಡೆಯುತ್ತದೆ? ಸುಮಾರಾಗಿ ಹೇಳಬೇಕೆಂದರೆ, ತನ್ನ ಎತ್ತರದ 1.3ರಷ್ಟು ಆಳ ಸಿಕ್ಕಿದಲ್ಲಿ. ಒಂದು ಅಡಿ ಎತ್ತರದ ಅಲೆ ಸುಮಾರು ಒಂದೂಕಾಲು ಅಡಿ ನೀರಿನಲ್ಲಿ ಮಗುಚಿಕೊಳ್ಳುತ್ತದೆ. ಹತ್ತು ಅಡಿಗೆ ಒಂದು ಅಡಿ ಇಳಿಯುವ ದಂಡೆಯಾದರೆ ಅದು ನೀರಿನಂಚಿನಿಂದ ಹದಿಮೂರು ಅಡಿ ಒಳಗೆ. ಅಲ್ಲಿಂದ ಬರುವಷ್ಟರಲ್ಲಿ ಕಲ್ಲಿನ ಮೇಲೆ ಉಜ್ಜಿ, ಜೊಂಡಿನಲ್ಲಿ ಸೋಸಿ, ನೊರೆಯಾಗಿ ಸುಮ್ಮನೆ ಹರಡುತ್ತದೆ. ಈಗ ನೀರು ಒಂದು ಅಡಿ ಏರಿತು ಎನ್ನಿ. ಮಣ್ಣಿನ ದಡದ ಬುಡ ಮೊದಲಿನ ನೀರಿನಂಚಿನಲ್ಲೇ ಇದ್ದರೆ, ಅಲ್ಲಿ ಈಗ ಒಂದು ಅಡಿ ನೀರು ನಿಂತಿತು. ಒಂಬತ್ತು ಇಂಚಿನ ಸಣ್ಣ ಅಲೆ ಕೂಡ ಈಗ ಒಡೆಯುವುದು ನೇರವಾಗಿ ಆ ಬುಡದ ಮೇಲೆಯೇ. ಜೊಂಡಿನ ತಲೆ ನೀರಿನಡಿ ಮುಳುಗಿದೆ, ಅಲೆಯನ್ನು ತಡೆಯಲು ಯಾರೂ ಇಲ್ಲ.

ಗಾಳಿಯ ಅಲೆಯೂ ಇದೆ, ದೋಣಿಯ ಅಲೆಯೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಗಾಳಿಯಲೆ ಬೆಳೆಯಲು ಬಯಲು ನೀರು ಬೇಕು. ಮೆಂಡೋಟಾದ ಪೂರ್ವ ದಂಡೆಗೆ ಪಶ್ಚಿಮದ ಗಾಳಿ ಸುಮಾರು ಒಂಬತ್ತು ಕಿಲೋಮೀಟರ್ ನೀರಿನ ಮೇಲೆ ಓಡಿ ಬರುತ್ತದೆ. ಆ ದಂಡೆ ಜೋರು ಅಲೆಗೆ ಹಳಬ. ಆದರೆ ಗಾಳಿ ಮರೆಯ ಕೊಲ್ಲಿಗಳಲ್ಲಿ, ಸರೋವರದಿಂದ ಸರೋವರಕ್ಕೆ ಹೋಗುವ ಕಾಲುವೆಗಳಲ್ಲಿ, ನಾಲ್ಕೈದು ನೂರು ಎಕರೆಯ ಸಣ್ಣ ಸರೋವರಗಳಲ್ಲಿ ದೊಡ್ಡ ಗಾಳಿಯಲೆ ಹುಟ್ಟುವುದೇ ಇಲ್ಲ. ಅಲ್ಲಿನ ದಡ ಮೆತ್ತಗಿನದು, ಅದಕ್ಕೆ ಬೇರೆ ಕವಚ ಬೇಕಾಗಿರಲಿಲ್ಲ. ಅಂಥಲ್ಲಿ ದೊಡ್ಡ ಅಲೆ ಎಂದರೆ ದೋಣಿಯದೇ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಯಾಕೆಂದರೆ ಮಿಶಿಗನ್ ಸರೋವರದ ದಂಡೆಯ ಸುದ್ದಿ ನೋಡಿದವರು ಅದನ್ನೂ ದೋಣಿಯ ತಲೆಗೆ ಕಟ್ಟುತ್ತಾರೆ. ಕೂಡಿಕೊಂಡು ಒಂದೇ ಮಟ್ಟದಲ್ಲಿರುವ ಮಿಶಿಗನ್, ಹ್ಯೂರಾನ್ ಸರೋವರಗಳ ಮಟ್ಟ 2013ರ ಜನವರಿಯಲ್ಲಿ 175.57 ಮೀಟರ್, ದಾಖಲೆಯ ತಗ್ಗು. 2020ರ ಜುಲೈಯಲ್ಲಿ 177.46 ಮೀಟರ್, 1986ರ ಅಕ್ಟೋಬರ್‌ನ ದಾಖಲೆಗೆ ನಾಲ್ಕೇ ಸೆಂಟಿಮೀಟರ್ ಕಡಿಮೆ. ಏಳೂವರೆ ವರ್ಷದಲ್ಲಿ ಸುಮಾರು 1.9 ಮೀಟರ್ ಏರಿಕೆ. ಅಲ್ಲಿ ಬಿರುಗಾಳಿ ಎಬ್ಬಿಸುವ ಅಲೆ ಮೂರು ಮೀಟರ್ ದಾಟುತ್ತದೆ. ದಂಡೆಯ ಎತ್ತರದ ಮಣ್ಣಿನ ಗುಡ್ಡೆಗಳು ಕುಸಿದದ್ದು ಅದರ ಹೊಡೆತಕ್ಕೆ. ಆ ಬಯಲು ದಂಡೆಯಲ್ಲಿ ದೋಣಿಯಲೆ ಲೆಕ್ಕಕ್ಕೇ ಇಲ್ಲ. ಒಂಟಾರಿಯೊ ಸರೋವರ 2017ರಲ್ಲೂ 2019ರಲ್ಲೂ ದಾಖಲೆ ಮಟ್ಟಕ್ಕೆ ಏರಿದಾಗ ಕೂಡ ದೊಡ್ಡ ಹಾನಿ ಗಾಳಿಯಿಂದಲೇ. ಆದರೆ ಅದೇ ಸರೋವರದ ಒಳಕೊಲ್ಲಿಗಳಲ್ಲಿ, ನದಿಯ ಬಾಯಿಗಳಲ್ಲಿ ದೋಣಿಯ ವೇಗಕ್ಕೆ ಕಡಿವಾಣ ಹಾಕಿದ್ದು ಸರಿಯಾದದ್ದೇ. ಜಾಗ ನೋಡಿ ಮಾತಾಡಬೇಕು.

ದೋಣಿ ಯಾವಾಗ ದೊಡ್ಡ ಅಲೆ ಎಬ್ಬಿಸುತ್ತದೆ? ಜೋರಾಗಿ ಹೋದಾಗ ಎಂದು ನೀವು ಹೇಳಬಹುದು. ಅಲ್ಲ. ದೋಣಿಗೆ ಮೂರು ನಡೆ. ನಿಧಾನವಾಗಿ ಹೋಗುವಾಗ ಅದು ನೀರನ್ನು ಸರಿಸಿಕೊಂಡು ಹೋಗುತ್ತದೆ, ಅಲೆ ಸಣ್ಣದು. ಪೂರ್ತಿ ವೇಗ ಹಿಡಿದಾಗ ನೀರಿನ ಮೇಲೆ ಎದ್ದು ಜಾರುತ್ತದೆ, ಅಲೆ ಮತ್ತೆ ಕಡಿಮೆಯೇ. ಇವೆರಡರ ನಡುವೆ ಮೂತಿ ಮೇಲಕ್ಕೆತ್ತಿ, ಹಿಂಭಾಗ ಕುಸಿದು, ನೀರನ್ನು ನೇಗಿಲಿನಂತೆ ಉಳುತ್ತಾ ಹೋಗುವ ಒಂದು ಸ್ಥಿತಿ ಇದೆ. 20 ಅಡಿಯ ಸಾಮಾನ್ಯ ಮೋಟಾರು ದೋಣಿಗೆ ಅದು ಗಂಟೆಗೆ ಸುಮಾರು 8ರಿಂದ 12 ಮೈಲಿ. ಅತಿ ದೊಡ್ಡ ಅಲೆ ಏಳುವುದು ಇಲ್ಲಿ. ಅದಕ್ಕೇ ‘ಪಾಪ, ದಡ ಬಂತು, ಸ್ವಲ್ಪ ನಿಧಾನ ಮಾಡೋಣ’ ಎಂದು 25 ಮೈಲಿಯಿಂದ 10 ಮೈಲಿಗೆ ಇಳಿಸಿದವರು ಒಳ್ಳೆಯ ಮನಸ್ಸಿನಿಂದ ಕೆಟ್ಟದ್ದನ್ನೇ ಮಾಡುತ್ತಾರೆ. ನಿಧಾನ ಎಂದರೆ ಪೂರ್ತಿ ನಿಧಾನ: ಚುಕ್ಕಾಣಿಗೆ ದೋಣಿ ಮಾತು ಕೇಳುವಷ್ಟು ವೇಗ, ಅದಕ್ಕಿಂತ ಹೆಚ್ಚಿಲ್ಲ. ವಿಸ್ಕಾನ್ಸಿನ್ ಕಾನೂನಿನ ‘ಸ್ಲೋ ನೋ ವೇಕ್’ ಅಂದರೆ ಇದೇ. ಹಿಂದೆ ತಿರುಗಿ ನೋಡಿ. ದೋಣಿಯ ಬೆನ್ನಿಗೆ ಬಿಳಿ ನೊರೆ ಕಾಣಿಸುತ್ತಿದ್ದರೆ ನೀವಿನ್ನೂ ನಿಧಾನವಾಗಿಲ್ಲ.

ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹತ್ತು ಇಂಚಿನ ಅಲೆಗಿಂತ ಇಪ್ಪತ್ತು ಇಂಚಿನ ಅಲೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇನ್ನು ದೂರ. ದೂರ ಹೋದರೆ ಅಲೆ ಸಾಯುತ್ತದೆ ಎಂಬ ನಂಬಿಕೆ ಇದೆ, ಆದರೆ ಅದು ಬಹಳ ನಿಧಾನವಾಗಿ ಸಾಯುತ್ತದೆ. ಆಳದ ನೀರಿನಲ್ಲಿ ದೋಣಿಯಲೆಯ ಎತ್ತರ ದೂರದ ಘನಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಎತ್ತರದಲ್ಲಿ ಐದನೇ ಒಂದು ಪಾಲು ಮಾತ್ರ ಕಡಿಮೆ. ಅರ್ಧಕ್ಕೆ ಇಳಿಯಬೇಕಾದರೆ ಎಂಟು ಪಟ್ಟು ದೂರ ಬೇಕು. ವಿಸ್ಕಾನ್ಸಿನ್‌ನಲ್ಲಿ ದಡದಿಂದ 100 ಅಡಿಯೊಳಗೆ, ಜೆಟ್‌ಸ್ಕೀ ಆದರೆ 200 ಅಡಿಯೊಳಗೆ, ನೋ ವೇಕ್. ಅದೇ ದೋಣಿ 100 ಅಡಿಯ ಬದಲು 500 ಅಡಿ ದೂರದಲ್ಲಿ ಹೋದರೆ ದಡಕ್ಕೆ ತಲಪುವ ಶಕ್ತಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ನೀರು ಏರಿದ ವಾರಗಳಲ್ಲಿ 100 ಅಡಿಯ ನಿಯಮ ಪಾಲಿಸಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಅದು ಸಾಲದು.

ದೋಣಿ ದೊಡ್ಡದಾಯಿತೇ ಎಂದಿದ್ದೆನಲ್ಲ, ಆ ಮಾತು ಈಗ. ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆಯಲ್ಲಿ ಜಾರುವ ವೇಕ್ ಸರ್ಫಿಂಗ್ ಎಂಬ ಆಟಕ್ಕೆ ಬಳಸುವ ದೋಣಿಗಳು ಅಲೆ ಎಬ್ಬಿಸುವುದಕ್ಕೆಂದೇ ಮಾಡಿದವು. ಹಿಂಭಾಗದ ತೊಟ್ಟಿಗಳಿಗೆ ಸರೋವರದ ನೀರನ್ನೇ ಟನ್ ಲೆಕ್ಕದಲ್ಲಿ ತುಂಬಿ, ದೋಣಿಯನ್ನು ಬೇಕೆಂದೇ ಕುಗ್ಗಿಸಿ, 10-12 ಮೈಲಿ ವೇಗದಲ್ಲಿ ಓಡಿಸುತ್ತಾರೆ. ನಾನು ಹೇಳಿದ ಆ ನೇಗಿಲಿನ ಸ್ಥಿತಿಯನ್ನು ಗಂಟೆಗಟ್ಟಲೆ ಹಿಡಿದಿಡುವುದೇ ಆಟ. ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೊನಿ ಫಾಲ್ಸ್ ಪ್ರಯೋಗಾಲಯದವರು ಅಳತೆ ಮಾಡಿ 2022ರಲ್ಲಿ ಪ್ರಕಟಿಸಿದ ಫಲಿತಾಂಶ ನೆನಪಿಡುವಂಥದ್ದು: ಸಾಮಾನ್ಯ ದೋಣಿಯ ಅಲೆ 200 ಅಡಿ ದೂರದಲ್ಲಿ ಎಷ್ಟಿರುತ್ತದೋ ಅಷ್ಟಕ್ಕೆ ಇಳಿಯಲು ಈ ದೋಣಿಗಳ ಅಲೆಗೆ 500 ಅಡಿಗೂ ಹೆಚ್ಚು ಬೇಕು. ವರ್ಮಾಂಟ್ ರಾಜ್ಯ 2024ರಲ್ಲಿ ತಂದ ನಿಯಮದಲ್ಲಿ ದಡದಿಂದ 500 ಅಡಿ ದೂರ, ಕನಿಷ್ಠ 20 ಅಡಿ ಆಳ, ಇವೆರಡೂ ಇರುವ 50 ಎಕರೆಯ ಒಂದೇ ಹರವು ಬೇಕು ಎಂದಿದೆ. ಆಳ ಯಾಕೆ ಎಂದರೆ, ಮೂತಿ ಮೇಲೆತ್ತಿದ ದೋಣಿಯ ಪ್ರೊಪೆಲರ್ ನೀರನ್ನು ಓರೆಯಾಗಿ ಕೆಳಕ್ಕೆ ತಳ್ಳುತ್ತದೆ. ತಳದ ಹೂಳು ಎದ್ದರೆ ಅದರಲ್ಲಿ ಕೂತ ರಂಜಕವೂ ಏಳುತ್ತದೆ, ಆಮೇಲೆ ಪಾಚಿ ಬೆಳೆದು ನೀರು ಹಸಿರಾಗುತ್ತದೆ. ದೂರ, ಆಳ ಎರಡನ್ನೂ ಕೇಳುವ ಈ ನಿಯಮ ನನಗೆ ಸರಿಯಾಗಿ ಕಾಣುತ್ತದೆ. ಸಣ್ಣ ಸರೋವರದಲ್ಲಿ ಅಂಥ ಜಾಗವೇ ಇರುವುದಿಲ್ಲ, ಹಾಗಾದರೆ ಅಲ್ಲಿ ಆ ಆಟವೂ ಬೇಡ.

ನಿಮ್ಮಲ್ಲಿ ಹಲವರು ಬೇಸಿಗೆಯಲ್ಲಿ ಪಾಂಟೂನ್ ಎಂಬ ಚಪ್ಪಟೆ ದೋಣಿ ಬಾಡಿಗೆಗೆ ಹಿಡಿದು ಮನೆಮಂದಿಯೊಂದಿಗೆ ಹೋಗುವವರು. ನೀರು ಹೆಚ್ಚಿರುವಾಗ ಹೋಗಲೇಬೇಕಾದರೆ ಮೊದಲು ಕೌಂಟಿಯ ಆದೇಶ ನೋಡಿ. ನೀರಿನಲ್ಲಿ ತೇಲುವ ಬಿಳಿ ಗುರುತಿನ (ಬೋಯಿ) ಮೇಲೆ ಕಿತ್ತಳೆ ಬಣ್ಣದ ವೃತ್ತ ಕಂಡರೆ ಅಲ್ಲೊಂದು ನಿಯಮ ಇದೆ ಎಂದರ್ಥ. ನಡುನೀರಿನಲ್ಲಿ ಇರಿ. ಎಲ್ಲರೂ ಹಿಂದೆ ಗುಂಪುಗೂಡಬೇಡಿ. ಇಬ್ಬರು ಮುಂದೆ ಬಂದು ಕೂತರೆ ಮೂತಿ ಇಳಿಯುತ್ತದೆ, ಅಲೆಯೂ ಇಳಿಯುತ್ತದೆ. ಒಂದೇ ಜಾಗದಲ್ಲಿ ಸುತ್ತು ಹೊಡೆಯಬೇಡಿ, ಅಲೆಯ ಮೇಲೆ ಅಲೆ ಸೇರಿ ಎತ್ತರವಾಗುತ್ತದೆ. ದಡ ಹತ್ತಿರ ಬಂದಾಗ ಕೊನೇ ಗಳಿಗೆಯಲ್ಲಿ ಥ್ರಾಟಲ್ ಇಳಿಸಿದರೆ ನಿಮ್ಮದೇ ಅಲೆ ಹಿಂದಿನಿಂದ ಬಂದು ನಿಮ್ಮನ್ನು ದಾಟಿ ದಡಕ್ಕೆ ಹೋಗುತ್ತದೆ. ಮೊದಲೇ, ದೂರದಲ್ಲೇ ಇಳಿಸಿ.

ದಡ ಬೀಳುವ ಬಗೆಯನ್ನು ಕಣ್ಣಾರೆ ನೋಡಿದರೆ ಮುಂದಿನದೆಲ್ಲ ಸುಲಭ. ಅಲೆ ಮೊದಲು ಬುಡದಲ್ಲಿ ಒಂದು ಪೊಟರೆ ಕೊರೆಯುತ್ತದೆ, ಅಂಗೈ ಅಗಲ, ಆಮೇಲೆ ಮೊಳದುದ್ದ ಒಳಕ್ಕೆ. ಮೇಲೆ ಹುಲ್ಲಿನ ಹಾಸು ಚಜ್ಜದಂತೆ ಚಾಚಿಕೊಂಡಿರುತ್ತದೆ, ನೋಡಲು ಏನೂ ಆಗಿಲ್ಲವೆಂಬಂತೆ. ಕತ್ತರಿಸಿದ ಲಾನ್ ಹುಲ್ಲಿನ ಬೇರು ಇಳಿಯುವುದು ಕೆಲವೇ ಇಂಚು. ಅದರ ಕೆಳಗಿನ ಮಣ್ಣನ್ನು ಹಿಡಿಯುವವರಿಲ್ಲ. ಒಂದು ದಿನ ಹುಲ್ಲಿನ ಮೇಲೆ, ಅಂಚಿನಿಂದ ಒಂದೆರಡು ಅಡಿ ಹಿಂದೆ, ಕೂದಲೆಳೆಯಂಥ ಬಿರುಕು. ಅದು ಕಂಡ ಮೇಲೆ ಆ ಕಡೆ ಕಾಲಿಡಬೇಡಿ. ಮುಂದಿನ ಮಳೆಗೆ ಇಡೀ ಹೆಂಟೆ ಒಟ್ಟಿಗೆ ಕಳಚುತ್ತದೆ.

ಹಾಗಾದರೆ ಕಲ್ಲು ಸುರಿದುಬಿಡೋಣವೇ? ನಮ್ಮ ಕೆರೆ ಏರಿಗಳನ್ನು ನೆನೆಸಿಕೊಳ್ಳಿ. ನೀರಿನ ಕಡೆಯ ಇಳಿಜಾರಿಗೆ ಕಲ್ಲು ಹೊದಿಸಿರುತ್ತಾರೆ, ಅಲೆಯ ಹೊಡೆತಕ್ಕೆಂದೇ. ಆದರೆ ಕೆರೆಗೆ ಕೋಡಿ ಇದೆ, ನೀರು ಅದಕ್ಕಿಂತ ತೀರ ಮೇಲೆ ಹೋಗದು, ಕಲ್ಲು ಎಲ್ಲಿಯವರೆಗೆ ಬೇಕೆಂದು ಕಟ್ಟುವವರಿಗೆ ಗೊತ್ತಿತ್ತು. ಇಲ್ಲಿ ಹೊಸದಾಗಿ ಕಲ್ಲು ಹಾಕುವವರು ಇವತ್ತಿನ ನೀರಿನ ಮಟ್ಟ ನೋಡಿ ಹಾಕುತ್ತಾರೆ, ಅದು ಸಾಮಾನ್ಯ ಮಟ್ಟವೂ ಅಲ್ಲ, ಗರಿಷ್ಠವೂ ಅಲ್ಲ.

ಗಾಳಿಯಲೆ ಸಣ್ಣದಿರುವ ಕೊಲ್ಲಿಯಾದರೆ ಗಿಡವೇ ಮೊದಲ ಮದ್ದು. ನೀರಿನಂಚಿನಿಂದ 35 ಅಡಿ ಹುಲ್ಲು ಕತ್ತರಿಸದೆ ಬಿಡಿ. ವಿಸ್ಕಾನ್ಸಿನ್ ನಿಯಮವೂ ಅಷ್ಟು ಅಗಲದ ಗಿಡಗಂಟಿಯ ಪಟ್ಟಿ ಇರಲಿ ಎನ್ನುತ್ತದೆ. ಅಲ್ಲಿನ ನೆಲದ ಜೊಂಡು, ಪ್ರೇರಿ ಕಾರ್ಡ್‌ಗ್ರಾಸ್‌ಗಳ ಬೇರು ಅಡಿಗಟ್ಟಲೆ ಇಳಿಯುತ್ತದೆ. ವಿಲ್ಲೋ, ಕೆಂಪು ಡಾಗ್‌ವುಡ್ ಕಡ್ಡಿಗಳನ್ನು ಗೂಟದಂತೆ ನೆಡಬಹುದು, ನಮ್ಮಲ್ಲಿ ಬೇಲಿಗೆ ಗೊಬ್ಬರದ ಗಿಡದ ಗೂಟ ನೆಡುತ್ತಾರಲ್ಲ, ಹಾಗೇ. ಚಳಿಗಾಲ ಮುಗಿದು ಚಿಗುರು ಒಡೆಯುವ ಮುಂಚೆ ಹೆಬ್ಬೆರಳು ದಪ್ಪದ ಎರಡು-ಮೂರು ಅಡಿ ಕಡ್ಡಿ ಕಡಿದು, ಮೊಗ್ಗು ಮೇಲ್ಮುಖವಾಗಿರುವಂತೆ, ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗುವಂತೆ ಹೊಡೆಯಬೇಕು. ತಲೆಕೆಳಗಾಗಿ ನೆಟ್ಟರೆ ಒಣಗುತ್ತದೆ.

ಬುಡಕ್ಕೆ ತೆಂಗಿನ ನಾರಿನ ದಿಂಡು. ಲೋಕದ ತೆಂಗಿನ ನಾರಿನಲ್ಲಿ ಬಹುಪಾಲು ಭಾರತ, ಶ್ರೀಲಂಕಾಗಳದು. ತಿಪಟೂರು, ಅರಸೀಕೆರೆ ಕಡೆಯವರಿಗೆ ಈ ಮಾಲಿನ ಗುಣ ಹೇಳಿಕೊಡಬೇಕಾಗಿಲ್ಲ. ನೀರಿನಲ್ಲಿ ಕೊಳೆಯಲು ಸತಾಯಿಸುವ ನಾರು ಇದು, ಎರಡರಿಂದ ಐದು ವರ್ಷ ನಿಲ್ಲುತ್ತದೆ, ಅಷ್ಟರೊಳಗೆ ಗಿಡದ ಬೇರು ಕೆಲಸ ವಹಿಸಿಕೊಳ್ಳಬೇಕು. ಒಂದು ಅಡಿ ದಪ್ಪದ ದಿಂಡನ್ನು ದಡದ ಬುಡದಲ್ಲಿ ಮೂರು-ನಾಲ್ಕು ಇಂಚಿನ ಚಾನಲು ತೋಡಿ ಕೂರಿಸಬೇಕು, ಸಾಮಾನ್ಯ ಮಟ್ಟದಲ್ಲಿ ಅದರ ಅರ್ಧ ನೀರಿನಲ್ಲಿರಬೇಕು. ಎರಡೂ ಬದಿಗೆ ಎರಡು-ಮೂರು ಅಡಿಗೊಂದು ಗೂಟ, ಗೂಟದಿಂದ ಗೂಟಕ್ಕೆ ಹಗ್ಗ. ಎರಡೂ ತುದಿಗಳನ್ನು ದಡದೊಳಗೆ ತಿರುಗಿಸಿ ಹೂಳಬೇಕು. ಹೆಚ್ಚಾಗಿ ಕೆಡುವುದು ಎರಡು ಕಡೆ. ಒಣ ದಿಂಡು ತೇಲುತ್ತದೆ. ನೆನೆದು ಭಾರವಾಗುವ ಮೊದಲೇ ಅಲೆ ಬಂದರೆ ಗೂಟ ಸಮೇತ ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ನೀರು ಏರಿರುವಾಗ ಈ ಕೆಲಸಕ್ಕೆ ಕೈಹಾಕಬಾರದು. ಎರಡನೆಯದು ಹೆಬ್ಬಾತು. ಹೊಸದಾಗಿ ನೆಟ್ಟ ಜೊಂಡಿನ ಸಸಿಯನ್ನು ಒಂದೇ ಬೆಳಗ್ಗೆ ಕಿತ್ತು ತಿನ್ನುತ್ತವೆ. ಮೊದಲ ಬೇಸಿಗೆ ಸುತ್ತ ದಾರ ಕಟ್ಟಿ ತಡೆಯಬೇಕು.

ಜೋರು ಅಲೆಯ ದಂಡೆಗೆ ಕಲ್ಲು ಬೇಕಾಗುತ್ತದೆ, ಇಲಾಖೆಯ ಅನುಮತಿ ವಿಚಾರಿಸಿಕೊಂಡು. ಕಲ್ಲು ಮೂಲೆಮೂಲೆಯದಾಗಿರಲಿ, ಹೊಳೆಗಲ್ಲು ಉರುಳುತ್ತದೆ. ಇಳಿಜಾರು ಎರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು. ಕಲ್ಲಿನಡಿ ಸೋಸುವ ಬಟ್ಟೆ ಅಥವಾ ಜಲ್ಲಿಯ ಪದರ ಇರಲೇಬೇಕು. ಇದನ್ನು ಬಿಟ್ಟವರ ದಡದಲ್ಲಿ ಕಲ್ಲು ಹಾಗೇ ಇರುತ್ತದೆ, ಹಿಂದಿನ ಮಣ್ಣು ಸಂದಿಯಿಂದ ಸೋರಿ ಸೋರಿ ಖಾಲಿಯಾಗಿರುತ್ತದೆ. ಕಲ್ಲಿನ ಕೊನೆಯ ಸಾಲನ್ನು ತಳದಲ್ಲಿ ತೋಡಿ ಹೂಳಬೇಕು, ಇಲ್ಲದಿದ್ದರೆ ಇಡೀ ಹೊದಿಕೆ ಜಾರುತ್ತದೆ. ನೆಟ್ಟಗಿನ ಕಾಂಕ್ರೀಟ್ ಗೋಡೆಯನ್ನಂತೂ ಬಯಸಬೇಡಿ. ಅಲೆ ಅದಕ್ಕೆ ಬಡಿದು ಸಾಯುವುದಿಲ್ಲ, ಹಿಂದಕ್ಕೆ ಚಿಮ್ಮಿ ಗೋಡೆಯ ಬುಡವನ್ನೇ ತೋಡುತ್ತದೆ, ಗೋಡೆ ಮುಗಿಯುವಲ್ಲಿ ನೆರೆಯವರ ದಡವನ್ನು ಕಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತ ಕಂಡವರಿಗೆ ಇದು ಹೊಸದಲ್ಲ: ತಡೆಗೋಡೆ ನಿಂತಲ್ಲಿ ಮುಂದಿನ ಮನೆಯ ಸರದಿ.

ನೀರು ಇಳಿಯತೊಡಗಿದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ದಡದ ಮಟ್ಟಿಗೆ ಅದು ಇನ್ನೊಂದು ಅಪಾಯದ ಹೊತ್ತು. ವಾರಗಟ್ಟಲೆ ನೀರು ಕುಡಿದ ಮಣ್ಣು ಭಾರವಾಗಿರುತ್ತದೆ. ಹೊರಗಿನ ನೀರು ಆ ಭಾರಕ್ಕೆ ಆನಿಕೆಯಂತಿತ್ತು. ಅದು ಸರಿದ ಕೂಡಲೇ ಒಳಗಿನ ನೀರು ಹೊರಗೆ ತಳ್ಳುತ್ತದೆ, ಅಲೆಯೇ ಇಲ್ಲದ ನಿಶ್ಚಲ ದಿನ ದಡ ಕುಸಿಯುತ್ತದೆ. ಆ ದಿನಗಳಲ್ಲಿ ಅಂಚಿನ ಮೇಲೆ ಭಾರ ಬೇಡ. ಮರಳಿನ ಚೀಲ ಒಂದೊಂದೂ 35-40 ಪೌಂಡ್. ನೂರು ಚೀಲ ಅಂಚಿನಲ್ಲೇ ಬಿಟ್ಟರೆ ಒಂದು ಕಾರು ನಿಲ್ಲಿಸಿದಂತೆ. ಮೊದಲು ಅವನ್ನು ಹಿಂದಕ್ಕೆ ಸಾಗಿಸಿ. ದಂಡೆಯ ಮರ ನೀರಿಗೆ ಬಿದ್ದಿದ್ದರೆ, ದೋಣಿ ದಾರಿಗೆ ಅಡ್ಡವಿಲ್ಲದಿದ್ದರೆ, ಎಳೆದುಹಾಕಬೇಡಿ. ಅದು ಅಲೆ ಮುರಿಯುತ್ತದೆ, ಮೀನಿಗೆ ಮನೆಯಾಗುತ್ತದೆ.

ನಿಮ್ಮ ದಡ ನಿಜಕ್ಕೂ ಎಷ್ಟು ಹೋಗುತ್ತಿದೆ ಎಂದು ತಿಳಿಯದೆ ಹಣ ಖರ್ಚು ಮಾಡಬೇಡಿ. ಎರಡು ಅಡಿ ಉದ್ದದ ಕಬ್ಬಿಣದ ಸರಳು, ಪೆನ್ಸಿಲ್ ದಪ್ಪದ್ದು ಸಾಕು. ಮಣ್ಣಿನ ದಡದ ಮುಖಕ್ಕೆ ಅಡ್ಡಲಾಗಿ, ಎರಡು ಇಂಚು ಹೊರಗೆ ಉಳಿಯುವಂತೆ ಹೊಡೆಯಿರಿ. ಹತ್ತು ಹತ್ತು ಅಡಿಗೆ ಒಂದು ಸಾಲು, ಪ್ರತಿ ಸಾಲಿನಲ್ಲಿ ಬುಡಕ್ಕೊಂದು, ನಡುವಿಗೊಂದು. ತುದಿಗೆ ಬಣ್ಣ ಹಚ್ಚಿ, ಇಲ್ಲದಿದ್ದರೆ ಕಾಲಿಗೆ ತಾಗುತ್ತದೆ. ತಿಂಗಳಿಗೊಮ್ಮೆ, ಮತ್ತೆ ಪ್ರತಿ ದೊಡ್ಡ ಮಳೆಯ ಮಾರನೇ ದಿನ, ಎಷ್ಟು ಹೊರಗೆ ಬಂದಿದೆ ಎಂದು ಅಳೆಯಿರಿ. ಪಕ್ಕದಲ್ಲಿ ಆ ದಿನದ ಸರೋವರದ ಮಟ್ಟ ಬರೆದಿಡಿ. ವಾರದ ದಿನಗಳಲ್ಲೂ ವಾರಾಂತ್ಯದಲ್ಲೂ ಬೇರೆ ಬೇರೆಯಾಗಿ ಅಳೆದರೆ ಇನ್ನೂ ಒಳ್ಳೆಯದು. ಗಾಳಿಗೆ ಶನಿವಾರ, ಭಾನುವಾರ ಗೊತ್ತಿಲ್ಲ. ಸೋಮವಾರ ಬೆಳಗ್ಗೆ ಮಾತ್ರ ಬುಡದ ಸರಳು ಮತ್ತೆ ಮತ್ತೆ ಉದ್ದವಾಗಿ ಕಂಡರೆ, ನಿಮ್ಮ ದಡದ ಮಣ್ಣನ್ನು ಯಾರು ತೆಗೆದುಕೊಂಡು ಹೋಗುತ್ತಿದ್ದಾರೆ ಎಂಬ ಲೆಕ್ಕ ಆ ಪುಸ್ತಕದಲ್ಲೇ ಸಿಗುತ್ತದೆ. ಸರೋವರ ಸಂಘದ ಸಭೆಗೆ ಹೋಗುವಾಗ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.